ಕಾಲು ಗಂಟೆ ಚಿಕ್ಕವನು

ಒಲೀನಾ ಹ್ರಿಟ್ಸಾಕಳ ಮುಂದಿನ ಎರಡು ಹಲ್ಲು ಹುಟ್ಟಿನವಲ್ಲ, ಕಟ್ಟಿಸಿಕೊಂಡವು. ಅವಳು ನಿಕ್ಕಲ್ ಗಣಿಯಲ್ಲಿ ಲಾರಿ ಓಡಿಸುತ್ತಾಳೆ. ಊಟದ ಹೊತ್ತಿಗೆ ಹೊಸಬರು ಯಾರಾದರೂ ಹಲ್ಲಿನ ಮಾತೆತ್ತಿದರೆ, "ನನಗಿಂತ ಚಿಕ್ಕ ಹುಡುಗನೊಬ್ಬ ಉದುರಿಸ್ದ" ಎಂದಷ್ಟೇ ಹೇಳಿ ಡಬ್ಬಿ ಮುಚ್ಚುತ್ತಾಳೆ. ಆ ಚಿಕ್ಕ ಹುಡುಗ ಅವಳ ಅವಳಿ ತಮ್ಮ ರೋಮನ್.

ಚಿಕ್ಕವನೆಂದರೆ ಕಾಲು ಗಂಟೆಗೆ. ಅವಳು ಹುಟ್ಟಿದ್ದು ಡಿಸೆಂಬರಿನ ಕೊನೆಯ ದಿನ ಮುಗಿಯುವ ಮೊದಲು, ಅವನು ಜನವರಿ ಒಂದು ಶುರುವಾದ ಮೇಲೆ. ಬೇರೆ ಕಡೆಯಾದರೆ ನಕ್ಕು ಮರೆಯುವ ಸಂಗತಿ. ಉತ್ತರ ಒಂಟಾರಿಯೊದ ಆ ಊರಿಗೆ ಐಸ್ ಹಾಕಿ ಆಟವೇ ಉಸಿರು, ಮಕ್ಕಳ ತಂಡ ಕಟ್ಟುವುದು ಹುಟ್ಟಿದ ವರ್ಷ ನೋಡಿ. ಹಾಗಾಗಿ ರೋಮನ್ ತನ್ನ ತಂಡಕ್ಕೆಲ್ಲ ಹಿರಿಯ, ಕುರಿಮರಿಗಳ ನಡುವಿನ ಟಗರು. ಒಲೀನಾ ತನ್ನ ತಂಡಕ್ಕೆಲ್ಲ ಕಿರಿಯಳು, ಸಾಲದ್ದಕ್ಕೆ ಒಬ್ಬಳೇ ಹುಡುಗಿ. ಹುಡುಗಿಯರ ತಂಡ ಆ ಊರಿನಲ್ಲಿರಲಿಲ್ಲ. ಅಪ್ಪ ಹಿತ್ತಲಲ್ಲಿ ನೀರು ಹಾಯಿಸಿ ಕಟ್ಟಿದ ಐಸಿನ ಮೇಲೆ ಮಾತ್ರ ಅವಳೇ ತಮ್ಮನನ್ನು ಸೋಲಿಸುತ್ತಿದ್ದಳು. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ.

"ಹೊರಗೆ ಬರೋಕೆ ನಿನಗ್ಯಾಕೇ ಅಷ್ಟು ಅವಸರ ಆಗಿತ್ತು?" ಎಂದು ಅಮ್ಮ ಆಲೂಗಡ್ಡೆಯ ಕಡುಬು ಮಡಚುತ್ತ ಚುಡಾಯಿಸುತ್ತಿದ್ದಳು.

"ಅವನು ಒಳಗಿಂದ ಒದ್ದ ಕಣಮ್ಮ."

ಮೈಯಿಂದ ಗುದ್ದಿ ಕೆಡವಲು ನಿಯಮವೇ ಒಪ್ಪುವ ವಯಸ್ಸು ಬಂದಾಗ ಚುಡಾಯಿಕೆ ನಿಂತಿತು. ಅವಳ ತಂಡದ ಹುಡುಗರಿಗೆ ಆಗಲೇ ಮೀಸೆ. ಹಿಮ ಕರಗಿಸುವ ಉಪ್ಪಿನ ಚೀಲಗಳ ಕೋಣೆಯಲ್ಲಿ ಒಬ್ಬಳೇ ಬಟ್ಟೆ ಬದಲಿಸಿ ಅವಳು ಹೊರಬಂದರೆ ಅವರು ಕೋಲಿನಿಂದ ಗೋಡೆ ಬಡಿದು, "ಬಂದ್ಳಪ್ಪಾ ಮದುಮಗಳು" ಎನ್ನುತ್ತಿದ್ದರು. ಆಮೇಲೆ ಸರದಿಯ ಮೇಲೆ ಅವಳನ್ನು ಆಟದಂಗಳದ ಅಂಚಿನ ಹಲಗೆಗೆ ಜಜ್ಜುತ್ತಿದ್ದರು. ಒಮ್ಮೆ ಪಕ್ಕೆಲುಬು ಬಿರಿಯಿತು. ಉಗುಳಿದರೆ ರಕ್ತ. ಅವಳು ಅಳಲಿಲ್ಲ, ಬಿಡಲೂ ಇಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ, ಆ ತಂಡದಲ್ಲಿ ಜಾಗ.

ಮರುವರ್ಷ ರೋಮನ್‌ನ ತಂಡಕ್ಕೂ ಗುದ್ದುವ ಹಕ್ಕು ಬಂತು. ಆ ವರ್ಷದ ಆಟಗಾರರ ಆಯ್ಕೆಗೆ ಮುಂಚೆ ಎರಡೂ ತಂಡಗಳನ್ನು ಶನಿವಾರ ಆಡಿಸುವುದೆಂದಾಯಿತು. ಒಲೀನಾಳ ತಂಡದ ಕೋಚ್ ಡ್ಯುಬೆ ಅವಳನ್ನು ಕರೆದ.

"ನೋಡಮ್ಮಾ, ಡಿಸೆಂಬರಲ್ಲಿ ಹುಟ್ಟಿದ ಹುಡುಗ್ರನ್ನೇ ನಾನು ಇಟ್ಕೊಳ್ಳಲ್ಲ. ನೀನು ಡಿಸೆಂಬರೂ ಹೌದು, ಹುಡುಗೀನೂ ಹೌದು. ಶನಿವಾರ ಒಬ್ಬನ್ನ ಕೆಡವಿ ತೋರ್ಸು, ಉಳ್ಕೋತೀಯ."

ಹಿತ್ತಲಲ್ಲಿ ಅಪ್ಪ ಹಾಕಿದ ಒಂದು ಕಟ್ಟಳೆಯಿತ್ತು. ಗೋಲಿನ ಹಿಂದಿನ ತಿರುವಿನಲ್ಲಿ ತಲೆ ತಗ್ಗಿಸುವ ಚಾಳಿ ರೋಮನ್‌ನದು. ತಗ್ಗಿದ ತಲೆಗೆ ಗುದ್ದು ಬಿದ್ದರೆ ಕತ್ತೇ ಮುರಿಯಬಹುದು. ಅದಕ್ಕೆ ಎದುರಿನವರು ಕೋಲನ್ನು ಐಸಿಗೆ ಎರಡು ಸಲ ತಟ್ಟಬೇಕು, ಕೇಳಿದವರು ತಲೆ ಎತ್ತಬೇಕು. ನಡೆಯಲು ಕಲಿತಾಗಿನಿಂದ ಒಲೀನಾ ತಟ್ಟುತ್ತ ಬಂದಿದ್ದಳು.

ಶನಿವಾರ ರೋಮನ್ ಅದೇ ತಿರುವಿನಲ್ಲಿ, ಅದೇ ತಗ್ಗಿದ ತಲೆಯಲ್ಲಿ ಬಂದ. ಅವಳು ಕೋಲು ಎತ್ತಿದಳು. ತಟ್ಟಲಿಲ್ಲ. ಮೈಯ ಭಾರವನ್ನೆಲ್ಲ ಹೆಗಲಿಗೆ ತಂದು ಹಾಯ್ದಳು. ಹಲಗೆ ನಡುಗಿತು. ಹಸಿ ಕಟ್ಟಿಗೆ ಮುರಿದಂತೆ ಲಟ್ಟೆಂದಿದ್ದು ಅವನ ಹೆಗಲೆಲುಬು. ಮುಖ ಐಸಿಗೆ ಬಡಿದು ರಕ್ತ ಹರಿಯಿತು. ಅವನ ಕೂಗಿಗೆ ಗ್ಯಾಲರಿಯಲ್ಲಿದ್ದ ಅಮ್ಮ ಎದ್ದು ನಿಂತಳು. ಒಲೀನಾಳಿಗೆ ಮೊದಲು ಬಂದದ್ದು ಸಂತೋಷ. ಅದು ಸುಳ್ಳಲ್ಲದ ಸಂತೋಷ.

ಆಟ ಮುಗಿದ ಮೇಲೆ ಡ್ಯುಬೆ ತಂಡಕ್ಕೆ ಆಯ್ಕೆಯಾದವರ ಹೆಸರು ಕೂಗಿದ. ಅವಳದಿರಲಿಲ್ಲ.

"ನಾನು ಕೆಡವಿದ್ನಲ್ಲ" ಎಂದಳು.

"ಯಾರನ್ನ? ನಿನಗಿಂತ ಒಂದು ವರ್ಷ ಕೆಳಗಿನವನನ್ನ. ಚಿಕ್ಕವರನ್ನ ಹೊಡೆಯೋದು ಯಾವ ದೊಡ್ಡಸ್ತಿಕೆ?"

ಆಸ್ಪತ್ರೆಯಲ್ಲಿ ರೋಮನ್ ಊದಿದ ತುಟಿಯಲ್ಲೇ ಕೇಳಿದ. "ಯಾಕೆ ತಟ್ಲಿಲ್ಲ?"

"ಟೀಮು ಬೇಕಿತ್ತು."

"ಸಿಕ್ತಾ?"

"ಇಲ್ಲ. ನೀನು ಚಿಕ್ಕವನಂತೆ."

ಅವನಿಗೆ ನಗು ಬಂತು, ನಕ್ಕಿದ್ದಕ್ಕೆ ಎಲುಬು ನೊಂದು ಚೀರಿದ. ಪಟ್ಟಿ ಕಟ್ಟಿಕೊಂಡು ಮಲಗಿದ್ದಂತೆಯೇ ಅವನ ಆಯ್ಕೆಯೂ ಆಗಿತ್ತು. ಅವನ ವಯಸ್ಸಿಗೆ ಅಷ್ಟು ಎತ್ತರದವನು ಸಿಗುವುದಿಲ್ಲವಂತೆ.

ಮುಂದಿನ ಚಳಿಗಾಲ ಹಿತ್ತಲಲ್ಲಿ ಮತ್ತೆ ಇಬ್ಬರೂ ಆಡಿದರು. ತಿರುವಿನಲ್ಲಿ ಅವನ ತಲೆ ತಗ್ಗಿತು. ಒಲೀನಾ ತಡಮಾಡದೆ ಎರಡು ಸಲ ತಟ್ಟಿದಳು. ಆ ಸದ್ದು ಅವನಿಗೆ ಈಗ ಎಚ್ಚರಿಕೆಯಾಗಿ ಉಳಿದಿರಲಿಲ್ಲ, ಅವಳು ಹತ್ತಿರ ಬಂದಳೆಂಬ ಭಯವಾಗಿತ್ತು. ತಲೆ ಎತ್ತುವ ಬದಲು ಅವನು ಮೊಣಕೈ ಎತ್ತಿದ.

ರಕ್ತದ ನಡುವೆ ಮಂಡಿಯೂರಿ ಅವಳ ಹಲ್ಲು ಹುಡುಕುತ್ತ ರೋಮನ್ ಬಿಕ್ಕಿ ಬಿಕ್ಕಿ ಅತ್ತ. "ತಟ್ಟಿದ್ದು ಕೇಳಿಸ್ತು ಕಣೇ. ಆದ್ರೆ ನಂಬೋಕಾಗ್ಲಿಲ್ಲ."