ಅಬ್ಬಾ ತಿರುಗಿ ಬರುವ ಟಿಕೀಟು

ಹಜ್‌ಗೆ ಹೋಗುವವರು ತಿರುಗಿ ಬರುವ ಟಿಕೀಟನ್ನೂ ಮೊದಲೇ ತೆಗೆಸಬೇಕು ಎಂಬುದನ್ನು ನಮ್ಮ ಮನೆಯಲ್ಲಿ ಓದಿ ಹೇಳಿದವಳು ನಾನು. ಎಪ್ಪತ್ತರ ದಶಕದ ನಡುವಿನ ಮಾತು. ಮುಂಬಯಿಯಿಂದ ಇಂಗ್ಲಿಷಿನಲ್ಲಿ ಫಾರ್ಮು ಬಂದಿತ್ತು. ತಿಕೋಟಾದ ನಮ್ಮ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವಳು ನಾನೊಬ್ಬಳೇ, ಅದೂ ಒಂಬತ್ತನೇ ಇಯತ್ತೆಯವರೆಗಿನ ಇಂಗ್ಲಿಷು. ಹತ್ತನೇದಕ್ಕೆ ಹೋಗಗೊಡದೆ ಸಾಲೆ ಬಿಡಿಸಿದವರು ಅಬ್ಬಾ. ದಿನಾ ಬಸ್ಸಿನಲ್ಲಿ ವಿಜಾಪುರದ ಹೈಸ್ಕೂಲಿಗೆ ಹೋಗಿ ಬರುತ್ತಿದ್ದೆ. ಒಂದು ದಿನ ಬಸ್ಸು ನಡುದಾರಿಯಲ್ಲಿ ಕೆಟ್ಟು, ನಾನು ಮನೆ ಸೇರುವಾಗ ಓಣಿಯಲ್ಲಿ ದೀಪ ಹಚ್ಚಿದ್ದರು. ಅಷ್ಟೇ. ಮಾರನೇ ದಿನದಿಂದ ಸಾಲೆ ಬಂದ್.

ಅದಾಗಿ ಮೂರು ವರ್ಷಕ್ಕೆ ಅದೇ ಅಬ್ಬಾ ಫಾರ್ಮು ನನ್ನ ಮುಂದೆ ಹಿಡಿದು, "ಏನ ಬರದಾರ, ಓದ ನೋಡೂಣ" ಎಂದು ಕೂತರು. ಮೈಯೆಲ್ಲ ಉರಿಯಿತು. ಆದರೂ ಓದಿದೆ. ನಮ್ಮ ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಆದರೆ ಅಬ್ಬಾಗೂ ನನಗೂ ಮನೆಯೊಳಗೂ ಕನ್ನಡವೇ ಬರುತ್ತಿತ್ತು, ಸಿಟ್ಟು ಬಂದರಂತೂ ಕೇಳುವುದೇ ಬೇಡ.

"ತಿರುಗಿ ಬರೂ ಟಿಕೀಟ ಇಲ್ಲದಿದ್ರ ಹಡಗ ಹತ್ತಸೂದಿಲ್ಲಂತ. ಆ ದೇಶದಾಗ ಇಳಸ್ಕೊಳ್ಳೂದೂ ಇಲ್ಲಂತ."

"ಹುಚ್ಚರೇನು? ನಮ್ಮಜ್ಜ ಹೋದಾಗ ಯಾರ ಕೇಳಿದ್ರು? ಹೋದಾಂವ ಅಲ್ಲೇ ಮಣ್ಣಾದ. ಎಂಥಾ ನಸೀಬ! ನನಗೂ ಅದ ಬೇಕಾಗೇತಿ. ತಿರುಗಿ ಬರ್ತೀನಂತ ಟಿಕೀಟ ತೆಗಿಸಿದ್ರ ಅಲ್ಲಾಗ ನಾ ಹುಕುಂ ಕೊಟ್ಟಂಗ ಆಗೂದಿಲ್ಲೇನು?"

"ಅದನ್ನ ಸರಕಾರಕ್ಕ ಕೇಳ್ರಿ. ನನಗ್ಯಾಕ ಕೇಳ್ತೀರಿ?"

"ನೀ ಬರೋಬ್ಬರಿ ಓದೀಯೋ ಇಲ್ಲೋ!"

"ಹತ್ತನೇದ ಕಲಿಸಿದ್ರ ಇನ್ನೂ ಬರೋಬ್ಬರಿ ಓದತಿದ್ದೆ."

ಒಳಗಿನಿಂದ ಅಮ್ಮ "ಬಾಯಿ ಮುಚ್ಚ" ಎಂದು ಕೂಗಿದಳು. ಅಬ್ಬಾ ಟೋಪಿ ಹಾಕಿಕೊಂಡು ವಿಜಾಪುರದ ಬಸ್ಸು ಹತ್ತಿದರು. ಕೋರ್ಟಿನ ಮುಂದೆ ಟೈಪು ಹೊಡೆಯುವವನಿಗೆ ಫಾರ್ಮು ತೋರಿಸಿ ಸಂಜೆಗೆ ಮುಖ ಸಣ್ಣದು ಮಾಡಿಕೊಂಡು ಬಂದರು. "ನೀ ಓದಿದ್ದ ಖರೆ" ಎಂದಷ್ಟೇ ಹೇಳಿದರು. ಅಲ್ಲೇ ಮಣ್ಣಾಗುವ ಆಸೆಯವರು ಹೋಗಲಿಕ್ಕೂ ಬರಲಿಕ್ಕೂ ಎರಡೂ ಟಿಕೀಟು ತೆಗೆಸಿದರು.

ನಮ್ಮಲ್ಲಿ ಹಜ್‌ಗೆ ಹೊರಟವರು ಹೋಗುವ ಮೊದಲು ಗುರುತಿನವರ ಮನೆಮನೆಗೂ ಹೋಗಿ ಮಾಫಿ ಕೇಳುವ ರೂಢಿ. ಅಂದದ್ದು ಆಡಿದ್ದು ಎಲ್ಲ ಮಾಫ್ ಮಾಡಿಸಿಕೊಂಡೇ ಹೊರಡಬೇಕು, ಯಾಕೆಂದರೆ ತಿರುಗಿ ಬರುವ ಭರವಸೆ ಇಲ್ಲ. ಅಬ್ಬಾ ಸಂತೆ ಸಂತೆ ತಿರುಗಿ ಬಟ್ಟೆ ಮಾರುವವರು. ಅವರು ಮಾಫಿ ಕೇಳಬೇಕಾದವರು ಊರೂರಿಗೂ ಇದ್ದರು. ಅವರು ಹೇಳಿದರು, ನಾನು ಬರೆದೆ: ಬಬಲೇಶ್ವರದವರು, ನಿಡೋಣಿಯವರು, ಮಮದಾಪುರದವರು. ಹಾಳೆ ತುಂಬಿತು. ಅದರಲ್ಲಿ ನನ್ನ ಹೆಸರು ಇರಲಿಲ್ಲ. ಕೊನೆಗಾದರೂ ನೆನಪಾದೀತು ಎಂದು ಪೆನ್ನು ಹಿಡಿದುಕೊಂಡೇ ಕೂತಿದ್ದೆ. "ಆತು, ಮಡಚು" ಎಂದರು.

ಯಾದಿ ಓದಲು ಅಬ್ಬಾಗೆ ಬಾರದ್ದರಿಂದ ಬಬಲೇಶ್ವರಕ್ಕೆ ನನ್ನನ್ನೇ ಕರೆದುಕೊಂಡು ಹೋದರು. ಮೂರು ವರ್ಷದ ಮೇಲೆ ಬಸ್ಸು ಹತ್ತಿದ್ದೆ. ವಿಜಾಪುರದಲ್ಲಿ ಬಸ್ಸು ಬದಲಿಸುವಾಗ ನನ್ನ ಸಾಲೆಯ ಹುಡುಗಿಯರು ನೀಲಿ ಲಂಗ ತೊಟ್ಟು ನಮ್ಮ ಮುಂದೆಯೇ ದಾಟಿದರು. ನನ್ನ ಕಾಲು ತಾನಾಗಿಯೇ ಎರಡು ಹೆಜ್ಜೆ ಆ ಕಡೆ ಹೋಯಿತು. ಅಬ್ಬಾ ಬೇರೆ ಕಡೆ ನೋಡುತ್ತಿದ್ದರು.

ಬಬಲೇಶ್ವರದ ಸಂತೆಯಲ್ಲಿ ಅಬ್ಬಾ ಒಬ್ಬ ಗೌಡತಿಯ ಮುಂದೆ ಕೈಮುಗಿದು, "ಗಜಕ್ಕ ಒಂದ ಬೆರಳ ಕಡಿಮಿ ಅಳದಿದ್ರ ಮಾಫ್ ಮಾಡವಾ" ಎಂದರು. ಆಕೆ ಸೊಂಟದ ಮೇಲೆ ಕೈ ಇಟ್ಟು, "ಒಂದ ಬೆರಳಲ್ಲೋ ಯಪ್ಪಾ, ನಾಕ ಬೆರಳ! ಹೋಗ್ಲಿ, ಮಾಫ್. ಹೋಗಿ ಬಾ" ಎಂದು ನಕ್ಕಳು. ಅಬ್ಬಾ ಕಣ್ಣೊರೆಸಿಕೊಂಡರು. ನಾಲ್ಕು ಬೆರಳು ಬಟ್ಟೆಗೆ ಅಳುವ ಮನುಷ್ಯನಿಗೆ ನನ್ನ ಸಾಲೆ ನೆನಪಿಲ್ಲವಲ್ಲ ಎಂದುಕೊಳ್ಳುತ್ತಲೇ ಯಾದಿಯ ಮುಂದಿನ ಹೆಸರು ಓದಿದೆ.

ಹೊರಡುವ ದಿನ ಮುಂಜಾನೆ ಅಂಗಳ ತುಂಬ ಮಂದಿ. ಜೊತೆಗೆ ಹೋಗುವ ನಿಡೋಣಿಯ ಕಾಕಾ ಗಂಟು ಕಟ್ಟಿಕೊಂಡು ನಿಂತಿದ್ದರು. ಅಬ್ಬಾ ಮನೆಯವರ ಕಡೆ ತಿರುಗಿ, "ಎಲ್ಲಾರೂ ಮಾಫ್ ಮಾಡ್ರಿ" ಎಂದರು. ಅಮ್ಮ ಅಳುತ್ತ "ಮಾಫ್" ಎಂದಳು. ಉಳಿದವರೂ ಅಂದರು. ನಾನು ತುಟಿ ಬಿಚ್ಚಲಿಲ್ಲ.

ಅಬ್ಬಾ ಹತ್ತಿರ ಬಂದರು. "ನೀ ಅನಲಿಲ್ಲ."

"ನಿಮ್ಮ ಕಡೆ ತಿರುಗಿ ಬರೂ ಟಿಕೀಟ ಐತಲ್ಲ. ಬರ್ರಿ. ಬಂದ ಮ್ಯಾಲ ಹೇಳ್ತೀನಿ."

ಅಯ್ಯೋ, ಆ ಮುಖ! ಅಷ್ಟರಲ್ಲಿ ಬಸ್ಸು ಬಂತು. ಮಾಲೆ ಹಾಕಿಕೊಂಡವರೇ ಹತ್ತಿ ಹೋದರು.

ಗೆದ್ದೆ ಅನ್ನಿಸಿದ್ದು ಅರ್ಧ ದಿನ ಮಾತ್ರ. ಆಮೇಲೆ ಕೂತಲ್ಲಿ ಕೂಡಲಾರೆ, ನಿಂತಲ್ಲಿ ನಿಲ್ಲಲಾರೆ. ಮುಟ್ಟಿದೆವು ಎಂದು ಒಂದು ಕಾಗದ ಬಂತು, ಆಮೇಲೆ ಸುದ್ದಿಯೇ ಇಲ್ಲ. ಅಲ್ಲಿ ಜ್ವರ ಬಿದ್ದಿದೆಯಂತೆ ಎಂದು ಯಾರೋ ಅಂದರು. ಬಸ್ಸಿನ ಸಪ್ಪಳ ಕೇಳಿದರೆ ಸಾಕು, ರೊಟ್ಟಿ ಹಂಚಿನ ಮೇಲೆಯೇ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ಎಷ್ಟು ರೊಟ್ಟಿ ಕರಕಾದವೋ! ಅಮ್ಮ ಬೈದು ಬೈದು ಸುಮ್ಮನಾದಳು. "ಮಾಫ್" ಎಂಬ ಒಂದು ಮಾತನ್ನು ಬಾವಿಯ ಕಟ್ಟೆಯಲ್ಲಿ, ಹಿತ್ತಲಲ್ಲಿ, ಬಾಯಿಯೊಳಗೇ ಅಂದುಕೊಳ್ಳುತ್ತಿದ್ದೆ. ಕೇಳಬೇಕಾದವರು ಸಮುದ್ರದ ಆಚೆ ಇದ್ದರು.

ಎರಡೂವರೆ ತಿಂಗಳಿಗೆ ಅಬ್ಬಾ ಬಂದರು. ತಲೆ ಬೋಳು, ಮೈ ಅರ್ಧಕ್ಕರ್ಧ ಇಳಿದಿತ್ತು. ಹೊಸ ಹಾಜಿಯ ಕೈಗೆ ಮುತ್ತಿಡಲು ಜನ ಮುಗಿಬಿದ್ದರು. ಅವರು ಎಲ್ಲರನ್ನೂ ಸರಿಸಿ, ನೀರೂ ಕುಡಿಯದೆ, ಅಡಿಗೆಮನೆ ಬಾಗಿಲಲ್ಲಿದ್ದ ನನ್ನ ಹತ್ತಿರ ಬಂದರು.

"ಬಂದೇನಿ. ಈಗ ಹೇಳು."

"ಮಾಫ್, ಅಬ್ಬಾ" ಎಂದವಳೇ ಗಳಗಳ ಅತ್ತೆ. ಅವರು ದೊಡ್ಡ ಉಸಿರು ಬಿಟ್ಟು ಗೋಡೆಗೆ ಒರಗಿದರು. ನೀರು ಕೇಳಿದರು.

ಮುಗಿಯಿತು ಎಂದುಕೊಂಡೆ. ನಾಲ್ಕನೇ ದಿನ ನಿಡೋಣಿಯ ಕಾಕಾ ಬಂದರು. ಅಬ್ಬಾ ಮರುದಿನದ ಸಂತೆಗೆ ಬಟ್ಟೆ ಅಳೆದು ಮಡಚುತ್ತಿದ್ದರು. ಕಾಕಾ ಚಹಾ ಕುಡಿಯುತ್ತ ನನಗೆ ಹೇಳಿದರು.

"ನಿಮ್ಮ ಅಬ್ಬಾ ಭಾಳ ವಿಚಿತ್ರ ಮನಶ್ಯಾ ನೋಡವಾ. ಮಕ್ಕಾದಾಗ ಎಂಟ ದಿನ ಜ್ವರದಾಗ ಬಿದ್ದಿದ್ದ. ಡಾಕ್ಟರನೂ ಕೈಬಿಟ್ಟಿದ್ದ. ಇಲ್ಲೇ ಮಣ್ಣಾಗತಾನ, ಎಂಥಾ ಪುಣ್ಯೆ ಅಂತ ನಾವೆಲ್ಲಾ ಹೊಟ್ಟಿಕಿಚ್ಚ ಪಟ್ಟಿವಿ. ಇಂವಾ ಎಚ್ಚರಾದಾಗೊಮ್ಮೆ ಟಿಕೀಟ ಐತೋ ಇಲ್ಲೋ ಅಂತ ಚೀಲದಾಗ ಕೈ ಹಾಕಾಂವ. 'ಯಾ ಅಲ್ಲಾ, ಇಲ್ಲಿ ಬ್ಯಾಡ, ಮನೀಗೆ ಮುಟ್ಟಸು' ಅಂತ ಅಳಾಂವ. ಮಕ್ಕಾದಾಗ ಕುಂತು ತಿಕೋಟಾ ಬೇಡಿದಾಂವ ಇಂವೊಬ್ಬನ!"

ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಬ್ಬಾ ಇನ್ನೊಂದು ಬಟ್ಟೆ ಎಳೆದುಕೊಂಡು ಅಳೆದರು. ಅವರು ಜೀವಮಾನವೆಲ್ಲ ಬೇಡಿಕೊಂಡಿದ್ದು ಕೈಗೆ ಬಂದಿತ್ತು. ನನ್ನ ಒಂದು ಮಾತಿಗಾಗಿ ಅದನ್ನು ಬೇಡವೆಂದು ಎದ್ದು ಬಂದಿದ್ದರು. ಇನ್ನೊಮ್ಮೆ ಹೋಗುವ ತ್ರಾಣ ಅವರಲ್ಲಿ ಇರಲಿಲ್ಲ.

ಕಾಕಾ ಹೋದ ಮೇಲೆ ಅಬ್ಬಾ ಮುಂದೆ ಕೂತೆ.

"ಅಬ್ಬಾ, ನನಗೂ ಮಾಫ್ ಮಾಡ್ರಿ."

ಅವರು ನನ್ನನ್ನು ನಗಿಸಲೆಂದೇ ಹುಬ್ಬು ಹಾರಿಸಿದರು. "ಲೇ ಹುಚ್ಚಿ, ಮಾಫಿ ಕೇಳಾವ್ರು ಎಲ್ಲೆರ ಹೊಂಟಾವ್ರು. ನೀ ಎಲ್ಲಿಗೆ ಹೊಂಟಿ?"

ಅಂದ ಮೇಲೆ, ನನ್ನ ಸಾಲೆಯ ಬಸ್ಸು ಬಿಡಿಸಿದ ಅವರಿಗೇ ಆ ಮಾತು ಕೇಳಿಸಿತು. ನಗು ಅಷ್ಟಕ್ಕೇ ನಿಂತಿತು. ಅಳೆಯುತ್ತಿದ್ದ ಗಜಕೋಲು ಬಟ್ಟೆಯ ಮೇಲೆಯೇ ಉಳಿಯಿತು, ಕೈ ಮುಂದೆ ಸರಿಯಲಿಲ್ಲ.

"ಎಲ್ಲಿಗೂ ಇಲ್ಲ, ಅಬ್ಬಾ" ಎಂದೆ.