ಚಂಡೆ ಬೇಡ ಎಂದವಳು

ನನಗೆ ಹಿಂದೂಸ್ತಾನಿ ಸಂಗೀತ ಹಿಡಿಸುವುದಿಲ್ಲ. ಮದುವೆಗೆ ಮುಂಚೆಯೂ ಹಿಡಿಸುತ್ತಿರಲಿಲ್ಲ. ನೀವು ಹೆಣ್ಣು ನೋಡಲು ಬಂದ ದಿನ ಅದೇ ನನ್ನ ಪ್ರಾಣ ಎಂದು ನಾನು ಹೇಳಿದ್ದು ಹಸಿ ಸುಳ್ಳು. ಇದನ್ನು ಬಾಯಲ್ಲೇ ಹೇಳಬಹುದಿತ್ತು — ಆದರೆ ಈಗ ನಿಮಗೆ ಏನು ಹೇಳಬೇಕಾದರೂ ಕೂಗಬೇಕು. ಕೂಗಿದರೆ ನಿಮಗಿಂತ ಮೊದಲು ಕೆಳಗಿನ ಮನೆಯವರಿಗೆ ಗೊತ್ತಾಗುತ್ತದೆ. ಅದಕ್ಕೇ ಈ ಕಾಗದ.

ಹುಡುಗ ಹೊಸನಗರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾನೆ ಎಂದಾಗ ನನಗೆ ಒಳಗೊಳಗೇ ಅಸಮಾಧಾನ. ತೀರ್ಥಹಳ್ಳಿಯಲ್ಲಿ ಕಾಲೇಜು ಓದಿದವಳೆಂಬ ಜಂಬ ಬೇರೆ. ನಿಮಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ ಎಂದು ತೋರಿಸಲು ಆ ಮಾತು ಆಡಿದೆ. ನೀವು ನಂಬಿಬಿಟ್ಟಿರಿ. ನಂಬಿದ್ದಷ್ಟೇ ಅಲ್ಲ, ಗೌರವಿಸಿದಿರಿ — ಅಲ್ಲಿಂದಲೇ ನಾನು ಸಿಕ್ಕಿಬಿದ್ದೆ.

ಹನ್ನೊಂದು ವರ್ಷದ ಹಿಂದೆ ಸಾಗರಕ್ಕೆ ಸ್ಪೀಕರ್ ಕೊಳ್ಳಲು ಹೋದೆವಲ್ಲ. ಹೆಚ್ಚು ಕೇಳುವುದು ಯಾವ ಸಂಗೀತ ಹೇಳಿ, ಅದರ ಮೇಲೆ ಆರಿಸೋಣ ಎಂದರು ಅಂಗಡಿಯವರು. ನೀವು ಜೇಬಿನಿಂದ ಪೆನ್‌ಡ್ರೈವ್ ತೆಗೆದಿರಿ. ಅದರಲ್ಲಿ ಯಕ್ಷಗಾನ. ಸೊಂಟದೆತ್ತರದ ಜೋಡಿ ಸ್ಪೀಕರಿನಲ್ಲಿ ಚಂಡೆಯ ಏಟು ಬಿದ್ದಾಗ ಶೋಕೇಸಿನ ಗಾಜು ಅದುರಿತು; ನಿಮ್ಮ ಬೆರಳುಗಳು ತಾವಾಗಿಯೇ ಮೇಜಿನ ಮೇಲೆ ತಾಳ ಹಾಕುತ್ತಿದ್ದವು. ಅಷ್ಟು ಖುಷಿಯಾದ ನಿಮ್ಮ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಂಡೆಗಾದರೆ ಇದೇ ಬೇಕು, ಬರೀ ಹಿಂದೂಸ್ತಾನಿ ಗಾಯನಕ್ಕೆ ಆ ಚಿಕ್ಕ ಜೋಡಿ ಸಾಕು ಎಂದರು ಅವರು. ನೀವು ನನ್ನ ಕಡೆ ನೋಡಿದಿರಿ. ನಿಜ ಹೇಳಬೇಕೆಂದರೆ ಆ ಚಂಡೆಗೆ ನನಗೂ ಮೈ ಜುಮ್ಮೆಂದಿತ್ತು... ಒಪ್ಪಿಕೊಂಡರೆ ನನ್ನ ದೊಡ್ಡಸ್ತಿಕೆ ಎಲ್ಲಿ ಉಳಿಯಬೇಕು?

“ಮನೆ ಒಳಗೆ ಚಂಡೆ ಗಲಾಟೆ ಆಗ್ತದೆ. ನಂಗೆ ತಲೆ ನೋಯ್ತದೆ,” ಎಂದೆ.

ನೀವು ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕಿಕೊಂಡಿರಿ. “ನಿಂಗೆ ಯಾವ್ದು ಸರಿಯೋ ಅದೇ ಇರ್ಲಿ ಮಾರಾಯ್ತಿ. ನಂದು ಮಿಲ್ಲಿನ ಕಿವಿ, ಅದಕ್ಕೇನ್ ಗೊತ್ತಾಗ್ತದೆ.”

ಚಿಕ್ಕ ಜೋಡಿ ಮನೆಗೆ ಬಂತು. ಎರಡರಿಂದಲೂ ಸಮ ದೂರದಲ್ಲಿ ಕೂತರೆ ಮಾತ್ರ ಹಾಡು ಸರಿಯಾಗಿ ಕೇಳುವುದೆಂದು ನೀವು ನೆಲ ಅಳೆದು, ಟೇಪು ಅಂಟಿಸಿ, ಅಲ್ಲೊಂದು ಕುರ್ಚಿ ಇಟ್ಟಿರಿ. ಒಂದೇ ಕುರ್ಚಿ — ನನಗೆ. ದಿನಾ ಸಂಜೆ ಮಿಲ್ಲಿನಿಂದ ಬಂದು, ರೆಪ್ಪೆಗೆ ಅಂಟಿದ ಹಿಟ್ಟು ತೊಳೆದು, ನನ್ನನ್ನು ಅದರಲ್ಲಿ ಕೂರಿಸಿ, ನೀವು ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂರುತ್ತೀರಿ. ಒಂದು ಗಂಟೆ. ಆಲಾಪ ಮುಗಿಯುವುದೇ ಇಲ್ಲ. ಏಳುವಂತಿಲ್ಲ, ಆಕಳಿಸುವಂತಿಲ್ಲ, ತಲೆದೂಗಬೇಕು, ನಡುನಡುವೆ ಕಣ್ಣು ಮುಚ್ಚಬೇಕು. ನಾನೇ ಕಟ್ಟಿಕೊಂಡ ಬೋನು, ಯಾರನ್ನು ಬೈಯಲಿ? ನನಗಿಷ್ಟದ ಹಳೆಯ ಚಿತ್ರಗೀತೆಗಳನ್ನು ಅಡುಗೆಮನೆಯಲ್ಲಿ ಮೊಬೈಲಿನಲ್ಲಿ ಕಳ್ಳಿಯ ಹಾಗೆ ಕೇಳುತ್ತೇನೆ. ನೀವು ಅದನ್ನೂ ಮಾಡಲಿಲ್ಲ. ಯಕ್ಷಗಾನಕ್ಕೆ ಹೋಗುವುದನ್ನೇ ಬಿಟ್ಟಿರಿ — ನನ್ನನ್ನು ಬಿಟ್ಟು ಹೋಗಲು ಮನಸ್ಸಿಲ್ಲ, ಕರೆಯಲು ಧೈರ್ಯವಿಲ್ಲ. ನಾನು ಸುಮ್ಮನೆ ನೋಡುತ್ತಿದ್ದೆ.

ಹೋದ ವಾರ ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಮಿಲ್ಲಿನ ಸದ್ದಿಗೆ ಚೂಪಾದ ಶಬ್ದಗಳು ಹೋಗಿಬಿಟ್ಟಿವೆ, ಮತ್ತೆ ಬರುವುದಿಲ್ಲ ಎಂದರು. ಕಿವಿಗೆ ಮಿಷನ್ ಹಾಕಿದರೆ ಮಾತು ಕೇಳೀತು. ಚಂಡೆಯ ಏಟು ಮೊದಲಿನ ಹಾಗೆ ಕೇಳದು — ನೀವು ಹೊರಗೆ ಹೋದ ಮೇಲೆ ನಾನೇ ವಿಚಾರಿಸಿದೆ. ಬಸ್ಸಿನಲ್ಲಿ ವಾಪಸು ಬರುವಾಗ ನೀವು ಹೇಳಿದಿರಿ, ಹೊಸ ಸ್ಪೀಕರ್ ತಗೊಳ್ಳೋಣ, ನಿನಗಾದರೂ ಚೆನ್ನಾಗಿ ಕೇಳಲಿ ಎಂದು. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಈ ಭಾನುವಾರ ಸಾಗರಕ್ಕೆ ಹೋಗೋಣ. ಆ ಎತ್ತರದ ಜೋಡಿಯನ್ನೇ ತರೋಣ, ಉಳಿದಿರುವ ಕಿವಿಗೆ ಎಷ್ಟು ಸಿಗುತ್ತದೋ ಅಷ್ಟು. ಅದರಿಂದ ನನ್ನ ತಪ್ಪು ತೊಳೆದುಹೋಗುತ್ತದೆ ಎಂದುಕೊಂಡಿಲ್ಲ.

ಕಿವಿ ಮಂದವಾಗುತ್ತಿರುವುದು ಇಷ್ಟು ವರ್ಷ ನಿಮಗೆ ಗೊತ್ತೇ ಆಗಲಿಲ್ಲವೇ ಎಂದು ಡಾಕ್ಟರು ಕೇಳಿದರು. ನೀವು ಇಲ್ಲ ಎಂದಿರಿ. ಗೊತ್ತಾಗುವುದು ಹೇಗೆ? ನೀವು ಮೈಮರೆತು ಕೇಳುತ್ತಿದ್ದ ಒಂದೇ ಒಂದು ಸದ್ದನ್ನು ನಾನು ಮನೆಯೊಳಗೆ ಬರಲು ಬಿಟ್ಟಿರಲಿಲ್ಲ.