ಬಿಟ್ಟಾಕಿ ಎಂಬ ಮಾತು

ಯಾರ ಮನೆಯ ಒಲೆಯಿಂದಲಾದರೂ ಒಣಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಉಳಿದವರು ಕೆಮ್ಮುತ್ತಾರೆ, ನಾನು ಬಾಗಿಲು ಎಲ್ಲಿದೆ ಎಂದು ಹುಡುಕುತ್ತೇನೆ. ಬಸವಕಲ್ಯಾಣದ ಕೋಟೆಯ ಬದಿಯ ಓಣಿಯಲ್ಲಿ ನಮ್ಮದೊಂದು ಕರಿಕಲ್ಲಿನ ಮನೆಯಿತ್ತು. ನನಗೆ ಎಂಟು ವರ್ಷವಿದ್ದಾಗ ಅಪ್ಪ ಆ ಮನೆಯ ಅಡುಗೆಕೋಣೆಯಲ್ಲಿ ನನ್ನ ಜಡೆ ಹಿಡಿದು, ಕೆಂಡದ ಮೇಲೆ ಸುಡುತ್ತಿದ್ದ ಮೆಣಸಿನಕಾಯಿಯ ಹೊಗೆಗೆ ನನ್ನ ಮುಖ ಒಡ್ಡಿಸಿದ್ದ. ಅವ್ವನ ಹತ್ತಿರ ಹೋಗುತ್ತೇನೆ ಎಂದದ್ದೇ ನನ್ನ ತಪ್ಪು. ಆದರೂ ಆ ಮನೆಯನ್ನು ನಾನು ಪ್ರೀತಿಸಿದ್ದೆ, ಸಂಕಟ ಇರುವುದೇ ಅಲ್ಲಿ. ಬೇಸಿಗೆಯಲ್ಲಿ ಕಲ್ಲುಹಾಸಿನ ತಂಪು, ಬೆಳಕಿಂಡಿಯಿಂದ ನಡುಮನೆಗೆ ಇಳಿಯುತ್ತಿದ್ದ ಬಿಸಿಲು, ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಬಿಸಿ ಜೋಳದ ರೊಟ್ಟಿಗೆ ತುಪ್ಪ ಬೆಲ್ಲ ಸವರಿ ತುತ್ತು ಮಾಡಿ ಬಾಯಿಗಿಡುತ್ತಿದ್ದ ಕೈ. ನಿಮಗೂ ಇಂಥ ಕೈಯೊಂದು ನೆನಪಿದ್ದರೆ ನಾನು ಹೇಳುವುದು ತಿಳಿದೀತು. ಉಣಿಸಿದ್ದೂ ಅದೇ, ವಿಷ ಹಾಕಿದ್ದೂ ಅದೇ.

ಅಪ್ಪ ಅವ್ವನನ್ನು ಹೊಡೆಯುತ್ತಿದ್ದ. ಬೆಲ್ಟು, ಊಟದ ತಾಟು, ಕೈಗೆ ಸಿಕ್ಕದ್ದು. ಮುಖ ಊದಿದ್ದನ್ನು ನೆರೆಯವರು ಕೇಳಿದರೆ ಅವ್ವ, "ಬಚ್ಚಲದಾಗ ಜಾರಿ ಬಿದ್ದೀನ್ರಿ" ಅನ್ನುತ್ತಿದ್ದಳು. ತೊಂಬತ್ತರ ದಶಕದ ನಡುವಿನ ಒಂದು ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಹೊಸ್ತಿಲ ಹೊರಗೆ ಹಸಿರು ಬಳೆಯ ಚೂರುಗಳು ಬಿದ್ದಿದ್ದವು, ಅವ್ವ ಇರಲಿಲ್ಲ. ಅತ್ತೆ ಚೂರುಗಳನ್ನು ಗುಡಿಸುತ್ತಾ, "ನಿಮ್ಮವ್ವ ಇನ್ನ ಬಿಟ್ಟಾಕಿ. ಆಕಿ ಯಾದ್ ತೆಗೀಬ್ಯಾಡ, ನೆನಪ ಮಾಡಬ್ಯಾಡ" ಅಂದಳು. ನಮ್ಮ ಕಡೆ ಗಂಡ ಹೊರಹಾಕಿದವಳನ್ನೂ ಬಿಟ್ಟಾಕಿ ಎನ್ನುತ್ತಾರೆ, ಗಂಡನನ್ನು ಬಿಟ್ಟುಹೋದವಳನ್ನೂ ಬಿಟ್ಟಾಕಿ ಎನ್ನುತ್ತಾರೆ. ಯಾರು ಯಾರನ್ನು ಬಿಟ್ಟರು ಎಂಬುದು ಆ ಮಾತಿನೊಳಗೆ ಇಲ್ಲ. ಎಂಟರ ಹುಡುಗಿಗೆ ಒಂದೇ ಅರ್ಥ ತಿಳಿಯಿತು: ನನ್ನನ್ನು ಬಿಟ್ಟು ಹೋದವಳು. ಹಾಡಿದ್ದೇ ಹಾಡೋ ಕಿಸಬಾಯಿ ದಾಸನಂತೆ ಅತ್ತೆ ದಿನವೂ ಅದನ್ನೇ ಹೇಳಿದಳು, ತುತ್ತಿನ ನಡುವೆ. ಮೊದಮೊದಲು ಕೇಳಿ ಅಳುತ್ತಿದ್ದೆ, ಆಮೇಲೆ ಹೊಗೆಯ ಭಯಕ್ಕೆ ನಾನೇ ಹೇಳಿಕೊಳ್ಳತೊಡಗಿದೆ.

ಅವ್ವ ಹುಮನಾಬಾದಿನಲ್ಲಿ ತನ್ನ ಅಣ್ಣನ ಮನೆ ಸೇರಿ, ಮಾಣಿಕನಗರದ ಹೆಂಗಸರಿಗೆ ಜಂಪರು ಹೊಲಿದುಕೊಡುತ್ತಿದ್ದಳು. ಮನೆಗೆ ಬಂದರೆ ಅಪ್ಪ ಕಾಲು ಮುರಿಯುತ್ತೇನೆ ಎಂದಿದ್ದರಿಂದ ಮರುವರ್ಷ ನನ್ನ ಶಾಲೆಯ ಗೇಟಿಗೆ ಬಂದಳು, ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಇತ್ತು. ಆಕೆ ಕೊಟ್ಟದ್ದನ್ನು ತಿಂದರೆ ಮದ್ದು ಹಾಕಿರುತ್ತಾಳೆ, ರಕ್ತ ಕಾರಿ ಸಾಯುತ್ತೀ ಎಂದು ಅತ್ತೆ ನನ್ನನ್ನು ಮೊದಲೇ ಹೆದರಿಸಿದ್ದಳು. ನಾನು ಡಬ್ಬಿಯನ್ನು ಚರಂಡಿಗೆ ಎಸೆದೆ. ಅವ್ವ ಹತ್ತಿರ ಬರಲು ನೋಡಿದಳು. ಕಲ್ಲು ಎತ್ತಿಕೊಂಡೆ, ಸುಳ್ಳೇಕೆ ಹೇಳಲಿ, ಚೂಪಾದದ್ದನ್ನೇ ಆರಿಸಿದ್ದೆ. "ಬಿಟ್ಟಾಕಿ, ಹೋಗ!" ಎಂದು ಕಿರುಚಿ ಎಸೆದೆ. ಹುಬ್ಬಿನ ಮೇಲೆ ಒಡೆದು ರಕ್ತ ಕುಪ್ಪಸಕ್ಕಿಳಿಯಿತು. ಓಡಿಬಂದ ಟೀಚರಿಗೆ ಅವ್ವ, "ಜಾರಿ ಬಿದ್ದೀನ್ರಿ, ಅಕ್ಕೋರ" ಅಂದಳು. ಅಪ್ಪನಿಗಾಗಿ ಹೇಳುತ್ತಿದ್ದ ಸುಳ್ಳನ್ನು ಅಂದು ನನಗಾಗಿ ಹೇಳಿದಳು. ಸಂಜೆ ಅಪ್ಪ ನನಗೆ ಜಿಲೇಬಿ ತಂದುಕೊಟ್ಟ, ನಾನು ಚಪ್ಪರಿಸಿಕೊಂಡು ತಿಂದೆ.

ಅವ್ವ ಮತ್ತೆ ಬರಲಿಲ್ಲ. ಹತ್ತು ವರ್ಷವಾದ ಮೇಲೆ ನಾನು ಕಾಲೇಜಿಗೆಂದು ಹುಮನಾಬಾದಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ಬೆಳಿಗ್ಗೆ ಪಕ್ಕದ ಸೀಟಿನ ಮೋರಖಂಡಿಯ ಹೆಂಗಸೊಬ್ಬಳು ಕಂಡಕ್ಟರಿಗೆ ಹೇಳುತ್ತಿದ್ದಳು: "ನಾ ಬಿಟ್ಟಾಕಿ ಇದ್ದೀನ್ರಿ. ಗಂಡ ಬಡದು ಹೊರಗ ಹಾಕ್ಯಾನ, ಕೂಸನ್ನೂ ಕಸಗೊಂಡಾನ." ಅವಳ ತುಟಿ ಇನ್ನೂ ಒಡೆದಿತ್ತು. ಹೊಸ್ತಿಲ ಹೊರಗಿನ ಬಳೆಚೂರು ಆಗ ನನಗೆ ಅರ್ಥವಾಯಿತು. ತಾನಾಗಿ ಹೊರಟವಳ ಬಳೆ ಒಡೆಯುವುದಿಲ್ಲ. ಕಾಲೇಜಿಗೆ ಹೋಗದೆ ಮರಳಿ ಬಂದು, "ಅತ್ತೀ, ಯಾರು ಯಾರನ್ನ ಬಿಟ್ರು?" ಎಂದು ಕೇಳಿದೆ. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾ ಏನ್ ಸುಳ್ಳ ಹೇಳೀನಿ? ಬಿಟ್ಟಾಕಿ ಅಂದೆ. ನೀ ಹ್ಯಾಂಗ ತಿಳ್ಕೊಂಡಿ ಅದು ನಿನ್ನ ನಸೀಬ." ಮಾತು ಕೇಳಿಸಿಕೊಂಡು ಒಳಬಂದ ಅಪ್ಪ ಹಿತ್ತಾಳೆ ತಂಬಿಗೆಯಿಂದ ನನ್ನ ಭುಜಕ್ಕೆ ಹೊಡೆದ. ಎರಡನೆಯ ಏಟಿಗೆ ನಾನು ತಂಬಿಗೆ ಕಸಿದು ಅದೇ ತಂಬಿಗೆಯನ್ನು ಅವನ ಮೇಲೆ ಎತ್ತಿದೆ. ಅವನು ಹಿಂದೆ ಸರಿದ. ಹೊಡೆಯಬೇಕೆಂದು ಎಷ್ಟು ಆಸೆಯಾಗಿತ್ತೆಂದರೆ ನನಗೇ ಹೆದರಿಕೆಯಾಗಿ ತಂಬಿಗೆ ಬಿಸುಟು ಹೊರಬಿದ್ದೆ.

ಅವ್ವನ ಅಣ್ಣನ ಮನೆಯಲ್ಲಿ ವಿಳಾಸ ಕೇಳಿಕೊಂಡು ಹೋದೆ. ಮಾಣಿಕನಗರದಲ್ಲಿ ತಾನು ಹಿಡಿದಿದ್ದ ಬಾಡಿಗೆ ಕೋಣೆಯಲ್ಲಿ ಅವ್ವ ಹೊಲಿಗೆ ಯಂತ್ರದ ಮೇಲೆ ಬಾಗಿದ್ದಳು. ನಾನು "ಅವ್ವಾ" ಅಂದೆ, ತಲೆಯೆತ್ತಿ ನೋಡಿ ಗುರುತು ಹಿಡಿದಳು. ಹಣೆಗೆ ಬಿದ್ದ ನರೆಗೂದಲು ಸರಿಸೋಣವೆಂದು ಕೈ ಎತ್ತಿದೆ. ಅವ್ವ ಎರಡೂ ತೋಳು ತಲೆಗೆ ಅಡ್ಡ ಹಿಡಿದು ಕುಗ್ಗಿಬಿಟ್ಟಳು.

ಕಲ್ಲಿನ ಮನೆ ಈಗಿಲ್ಲ, ಅಲ್ಲೊಂದು ಸಿಮೆಂಟಿನ ಅಂಗಡಿ ಸಾಲು ಎದ್ದಿದೆ. ಅಪ್ಪನೂ ಅತ್ತೆಯೂ ಹೋದರು, ಇಬ್ಬರಿಗೂ ಅತ್ತಿದ್ದೇನೆ. ಅವ್ವ ತನ್ನ ಕೊನೆಯ ಎಂಟು ವರ್ಷ ನನ್ನೊಂದಿಗೆ ಇದ್ದಳು. ಜಗಳವಿಲ್ಲ, ದೂರಿಲ್ಲ, ನಾನೆಸೆದ ಕಲ್ಲಿನ ಮಾತು ಒಮ್ಮೆಯೂ ಎತ್ತಲಿಲ್ಲ. ಆದರೆ ಆ ಕುಗ್ಗುವುದು ಬಿಡಲಿಲ್ಲ. ಅದಕ್ಕೇ, "ಅವ್ವಾ, ಮುಟ್ಟಲೇನು?" ಎಂದು ಕೇಳಿ, ಹೂಂ ಅಂದ ಮೇಲೆಯೇ ಕೈ ಎತ್ತುವುದನ್ನು ರೂಢಿ ಮಾಡಿಕೊಂಡೆ. ಅವ್ವ ಹೋದ ದಿನ ಹೆಂಗಸರು ನೀರು ತಂದಿಟ್ಟು ಮೈ ತೊಳೆ ಅಂದಾಗಲೂ ಕೇಳಿದೆ. ಹೂಂ ಅನ್ನಲಿಲ್ಲ, ಕುಗ್ಗಲೂ ಇಲ್ಲ.